ಹೊಳೆಯಲ್ಲಿದ್ದ ಕೈ

ರೇಣುಕವ್ವನ ಮುಂದೆ ಇರುವೆಯ ಹೆಸರು ಎತ್ತಿದರೆ ಸಾಕು, ಅವಳ ತೋಳಿನ ಮೇಲೆ ಕೆಂಪಗೆ ದದ್ದು ಏಳುತ್ತಿತ್ತು. ಬ್ಯಾಡಗಿಯ ದಲಾಲಿ ವ್ಯಾಪಾರದ ಅಡತಿ ಅಂಗಡಿಯೊಂದರ ಹಿಂದಿನ ಅಂಗಳದಲ್ಲಿ ಮೆಣಸಿನಕಾಯಿಯ ತೊಟ್ಟು ಮುರಿಯಲು ಕೂರುತ್ತಿದ್ದ ಹೆಂಗಸರಿಗೆ ಅದೊಂದು ಆಟವಾಗಿತ್ತು. ಆ ಕೆಲಸಕ್ಕೆ ಹೊಸದಾಗಿ ಬಂದವರು ಮೊದಮೊದಲು ಘಾಟಿಗೆ ಸೀನಿ, ಕೆಮ್ಮಿ, ಕಣ್ಣು ಒರೆಸಿಕೊಂಡು ಸುಸ್ತಾಗುತ್ತಾರೆ. ಬರಬರುತ್ತ ಮೂಗು ಜಡ್ಡುಗಟ್ಟುತ್ತದೆ. ರೇಣುಕವ್ವನಿಗೆ ಎರಡು ಸುಗ್ಗಿ ಕಳೆದರೂ ಜಡ್ಡುಗಟ್ಟಲಿಲ್ಲ. ಅಷ್ಟೇ ಅಲ್ಲ, ಮೆಣಸಿನಕಾಯಿಯ ಸುಳಿವೇ ಇಲ್ಲದ ಬಾವಿಕಟ್ಟೆಯ ಮೇಲೆ ಯಾರಾದರೂ ಮೆಲ್ಲಗೆ ‘ಘಾಟು’ ಅಂದರೂ ಅವಳಿಗೆ ಸೀನು ಬರುತ್ತಿತ್ತು.

“ನಮಗೆಲ್ಲಾ ಎರಡ ಕಿವಿ, ಜಯವ್ವ. ನಿನ್ನ ಮಗಳಿಗೆ ಮೈಯೆಲ್ಲಾ ಕಿವಿ,” ಎಂದು ಪಕ್ಕದಲ್ಲಿ ಕೂತು ತೊಟ್ಟು ಮುರಿಯುತ್ತಿದ್ದ ತಾಜಬಿ ನಗುತ್ತಿದ್ದಳು. “ನಾಳಿ ಇಕಿ ಗಂಡಗ ಖರ್ಚಽ ಇಲ್ಲ ನೋಡು. ಹೋಳಿಗಿ ಅಂದ್ರ ಸಾಕು, ಹೊಟ್ಟಿ ತುಂಬತೈತಿ.”

ಜಯವ್ವ ಅಂಗಳದಲ್ಲಿ ನಗುತ್ತಿದ್ದಳು. ಮನೆಗೆ ಬಂದು ಒಲೆಯ ಮುಂದೆ ಕೂತಾಗ ನಗು ಬರುತ್ತಿರಲಿಲ್ಲ. ಗಂಡ ಅಜ್ಜಪ್ಪ ತೀರಿಕೊಂಡಮೇಲೆ ಇದ್ದವಳು ಇವಳೊಬ್ಬಳೇ. ಚಿಕ್ಕಂದಿನಲ್ಲಿ ಬಂದ ಜ್ವರವೊಂದು ಮಗಳ ಎದೆಯನ್ನು ಸೊರಗಿಸಿ ಹೋಗಿತ್ತು. ಒಂದು ಕೊಡ ನೀರು ಹೊತ್ತರೆ ತುಟಿ ಕಪ್ಪಗಾಗುತ್ತಿತ್ತು. ಇಂಥ ಮೈ, ಇಂಥ ಎದೆ ಹೊತ್ತುಕೊಂಡು ನಾಳೆ ಯಾರ ಮನೆ ಸೇರುತ್ತಾಳೋ, ಅಲ್ಲಿ ಅತ್ತೆಯಾದವಳು ಸಿಟ್ಟಿನಲ್ಲಿ ‘ನಿನ್ನ ಕೈ ಸೇದಿ ಹೋಗಲಿ’ ಎಂದು ಒಂದು ಮಾತು ಅಂದರೆ ಏನು ಗತಿ ಎಂದು ಅವಳಿಗೆ ಆಗಾಗ ಅನಿಸುವುದಿತ್ತು.

ಯುದ್ಧ ಜೋರಾಗಿದ್ದ ಕಾಲ ಅದು. ರೈಲಿನ ತುಂಬ ಸೋಲ್ಜರರು, ಅಂಗಡಿಯಲ್ಲಿ ಸೀಮೆಎಣ್ಣೆಗೆ ಸರದಿ. ಆ ವರ್ಷ ಮಾಘದ ಚಳಿಯಲ್ಲಿ ರೇಣುಕವ್ವನ ಬಲ ಅಂಗೈಗೆ ಮುಳ್ಳು ಮುರಿದು, ಒಳಗೇ ಉಳಿದು, ಕೀವು ತುಂಬಿಕೊಂಡಿತು. ಕೈ ದಪ್ಪಗೆ ಊದಿ ಮೊಣಕೈವರೆಗೆ ಕೆಂಪು ಗೆರೆ ಹತ್ತಿತು. ಜ್ವರ ಏರಿತು. ಅಡತಿ ಅಂಗಡಿಯವರು ಹೇಳಿಕಳಿಸಿದ್ದರಿಂದ ಹಾವೇರಿಯಿಂದ ಡಾಕ್ಟರ್ ಚಳಗೇರಿಯವರು ರೈಲಿನಲ್ಲಿ ಬಂದರು. ಸಂಗಡ ಅವರ ದವಾಖಾನೆಯ ನರ್ಸು ಸರಸ್ವತೀಬಾಯಿ. ಡಾಕ್ಟರು ಇನ್ನೂ ಮೂವತ್ತು ದಾಟದವರು. ಪುಣೆಯಲ್ಲಿ ಓದಿ ಬಂದಿದ್ದರು. ಫೌಜಿನಲ್ಲಿ ಡಾಕ್ಟರಾಗಿ ಹೆಸರು ಬರೆಸಿದ್ದರು. ಆ ದಿನವೇ ಸಂಜೆಯ ಗಾಡಿಗೆ ಹೊರಡುವವರು, ಈ ಹುಡುಗಿಯದೊಂದು ನೋಡಿ ಹೋಗೋಣ ಎಂದು ಬಂದಿದ್ದರು.

ಕೈ ಕೊಯ್ದು ಕೀವು ತೆಗೆಯದೆ ದಾರಿಯಿಲ್ಲ ಎಂದರು. ಎದೆಗೆ ಕಿವಿ ಇಟ್ಟು ಕೇಳಿದವರು ಮುಖ ಸಣ್ಣದು ಮಾಡಿದರು. ಈ ಎದೆಗೆ ಕ್ಲೋರೋಫಾರ್ಮ್ ಕೊಟ್ಟರೆ ಹುಡುಗಿ ಏಳಲಿಕ್ಕಿಲ್ಲ, ಕೊಡದೆ ಕೊಯ್ದರೆ ನೋವಿಗೇ ಎದೆ ನಿಂತೀತು. ಅವರು ಹಾಗೆ ಯೋಚಿಸುತ್ತ ನಿಂತಿದ್ದಾಗ ಜಯವ್ವ, ಏನೋ ಮಾತಿಗೆ, ಮಗಳ ಇರುವೆಯ ಕತೆ ಹೇಳಿದಳು. ಡಾಕ್ಟರು ಥಟ್ಟನೆ ತಿರುಗಿ ನೋಡಿದರು.

ಅವರು ರೇಣುಕವ್ವನ ಬಳಿ ಕೂತು, ಕಣ್ಣು ಮುಚ್ಚು ಎಂದು ಹೇಳಿ, ಮೆಲುದನಿಯಲ್ಲಿ ಮಾತಾಡತೊಡಗಿದರು. ನಿನಗೆ ಗೊತ್ತಿರುವ ಹೊಳೆ ಯಾವುದು ಎಂದು ಕೇಳಿದರು. ಐರಣಿ ಎಂದಳು ಅವಳು. ಐರಣಿ ಜಯವ್ವನ ತವರು, ತುಂಗಭದ್ರೆ ಊರಿನ ಪಕ್ಕದಲ್ಲೇ ಹರಿಯುತ್ತದೆ. ಸರಿ, ನಿನ್ನ ಎಡಗೈ ಈಗ ಐರಣಿ ಹೊಳೆಯಲ್ಲಿದೆ, ನಸುಕಿನ ನೀರು, ಬೆರಳ ಸಂದಿಯಲ್ಲಿ ಹರಿಯುತ್ತಿದೆ ಎಂದರು. ಜ್ವರದಿಂದ ಕಾದ ಹೆಂಚಿನಂತಿದ್ದ ಹುಡುಗಿಯ ಎಡತೋಳಿನ ರೋಮ ನಿಂತವು. ಒಂದೇ ತೋಳಿನವು. ಡಾಕ್ಟರು ತಮ್ಮ ಅಂಗೈಯ ಹಿಂಬದಿಯಿಂದ ಆ ತೋಳನ್ನು ಮುಟ್ಟಿ ನೋಡಿ, ನರ್ಸಿಗೂ ಮುಟ್ಟಲು ಹೇಳಿದರು. ಸರಸ್ವತೀಬಾಯಿ ಮುಟ್ಟಿದವರೇ ಅದರ ಥಂಡಿಗೆ ಕೈ ಹಿಂದಕ್ಕೆಳೆದುಕೊಂಡರು. ಬಳಿಕ ಡಾಕ್ಟರು ಗಡಿಯಾರ ಹಿಡಿದು ನಾಡಿ ನೋಡುತ್ತ, ನೀನು ದಂಡೆಯ ಮೇಲೆ ಸುಮ್ಮನೆ ಕೂತಿದ್ದೀಯ, ಅವಸರ ಏನೂ ಇಲ್ಲ ಎಂದರು. ಹಕ್ಕಿಯಂತೆ ಬಡಿದುಕೊಳ್ಳುತ್ತಿದ್ದ ನಾಡಿ ಅವರ ಮಾತಿನ ಹಿಂದೆಯೇ ನಿಧಾನವಾಯಿತು.

ಅವರ ಮುಖದ ಮೇಲೆ ಆಗ ಕಂಡದ್ದು ಸಂತೋಷವೋ ಹೆದರಿಕೆಯೋ ಜಯವ್ವನಿಗೆ ತಿಳಿಯಲಿಲ್ಲ. ಬಹಳ ಮಂದಿಗೆ ಮಾತು ಕಿವಿಯಲ್ಲೇ ನಿಲ್ಲುತ್ತದೆ, ಕೆಲವರಿಗೆ ಮಿದುಳಿಗೆ ಹೋಗುತ್ತದೆ, ಎಲ್ಲೋ ಒಬ್ಬರಿಗೆ ನೆತ್ತರಿಗೆ ಇಳಿಯುತ್ತದೆ ಎಂದು ಅವರು ನರ್ಸಿಗೆ ವಿವರಿಸಿದರು. ಇಂಥವರನ್ನು ಪುಸ್ತಕದಲ್ಲಿ ಓದಿದ್ದೆ, ಕಂಡಿರಲಿಲ್ಲ ಎಂದರು. ಜಯವ್ವ ಬಾಗಿಲ ಬಳಿ ನಿಂತಿದ್ದಳು. ಡಾಕ್ಟರು ಹೊಳೆಯ ಮಾತಾಡುವಾಗ ತಾನೂ ಕಾಲ್ಬೆರಳು ಮಡಚಿ ಸೀರೆಯ ಅಂಚನ್ನು ನೀರಿಗೆ ತಾಗದ ಹಾಗೆ ಎತ್ತಿ ಹಿಡಿದಿದ್ದೇನೆ ಎಂಬುದು ಅವಳಿಗೆ ಆಮೇಲೆ ಗೊತ್ತಾಯಿತು. ನಾಚಿಕೆಯಾಗಿ ಬಿಟ್ಟಳು.

ಪಡಸಾಲೆಯಲ್ಲೇ ಕೊಯ್ದರು. ಚಾಕು ತೆಗೆಯುವ ಮೊದಲು ಡಾಕ್ಟರು ರೇಣುಕವ್ವನ ಕಿವಿಯ ಹತ್ತಿರ ಬಾಗಿ ಹೇಳಿದ್ದನ್ನು ಸರಸ್ವತೀಬಾಯಿ ಪಕ್ಕದಲ್ಲೇ ನಿಂತು ಕೇಳಿದರು.

“ನಿನ್ನ ಬಲಗೈ ಹೊಳಿಯಾಗ ಐತಿ, ರೇಣುಕವ್ವ. ನೀರು ಭಾಳ ಥಂಡ. ಕೈಯಾಗಿನ ರಕ್ತ ನಿಂತೈತಿ, ನೋವು ನಿಂತೈತಿ. ನಾ ಇಲ್ಲಿ ಇರೂತನಕ ಕೈ ನೀರಾಗ ಇರಲಿ. ನಾ ಹೋದ ಮ್ಯಾಲೆ ತಗಿ. ತಗದ ಕೂಡ್ಲೆ ಕೈ ಬೆಚ್ಚಗಾಗ್ತೈತಿ.”

ಹುಡುಗಿ ಹೂಂ ಎಂದಳು. ಚಾಕು ಇಳಿಯಿತು, ಕೀವು ಹರಿಯಿತು, ಮುಳ್ಳಿನ ಚೂರು ಬಂತು. ರಕ್ತ ಬರಬೇಕಾದಷ್ಟು ಬರಲಿಲ್ಲ. ರೇಣುಕವ್ವ ದಂಡೆಯ ಮೇಲೆ ಕೂತವಳ ಹಾಗೆ ಸಣ್ಣಗೆ ಏನೋ ಗುನುಗುತ್ತಿದ್ದಳು. ಪಟ್ಟಿ ಕಟ್ಟುವಷ್ಟರಲ್ಲಿ ಹೊರಗೆ ಟಾಂಗಾದವನು ಗಾಡಿಗೆ ಹೊತ್ತಾಯಿತೆಂದು ಕೂಗು ಹಾಕಿದ. ಡಾಕ್ಟರು ಕೈ ತೊಳೆದು, ಹೊಸ್ತಿಲ ಹೊರಗೆ ಬೂಟು ಏರಿಸಿಕೊಳ್ಳುತ್ತ, ಮಲಗಿದ್ದವಳ ಕಡೆ ತಿರುಗಿ, “ಬರ್ತೇನಿ, ರೇಣುಕವ್ವ,” ಎಂದರು. ಜಯವ್ವ ಕಣ್ಣಲ್ಲಿ ನೀರು ತುಂಬಿಕೊಂಡು ಕೈಮುಗಿದು, “ಹೋಗಿ ಬರ್ರಿ, ಸಾಹೇಬ್ರ,” ಎಂದಳು. ಯಾರ ಮನೆಯಿಂದ ಯಾರು ಹೊರಟರೂ ಆಡುವ ಮಾತು ಅದು.

ಜ್ವರ ಮಾರನೆಯ ದಿನವೇ ಇಳಿಯಿತು. ರೇಣುಕವ್ವ ಎದ್ದು ಕೂತು ಗಂಜಿ ಕುಡಿದಳು. ಕೆಂಪು ಗೆರೆ ಮಾಯವಾಯಿತು. ಜಯವ್ವ ಹಾವೇರಿಯ ದಿಕ್ಕಿಗೆ ತಿರುಗಿ ಮತ್ತೊಮ್ಮೆ ಕೈಮುಗಿದಳು.

ಮಗಳು ಮನೆಯಲ್ಲಿ ತಲೆಯ ಮೇಲೆ ಸೆರಗು ಹೊದ್ದುಕೊಂಡು, ದನಿ ತಗ್ಗಿಸಿ ಮಾತಾಡುತ್ತಿರುವುದು ತಾಯಿಯ ಲಕ್ಷ್ಯಕ್ಕೆ ಬರಲು ಒಂದೆರಡು ದಿನ ಬೇಕಾದವು. ಜೋಳದ ಚೀಲ ಇಟ್ಟಿದ್ದ ಮೂಲೆಗೆ ಅವಳು ಬೆನ್ನು ಮಾಡಿ ಕೂರುತ್ತಿರಲಿಲ್ಲ. ಆ ಕಡೆ ಕಾಲು ಚಾಚುತ್ತಿರಲಿಲ್ಲ. ಊಟಕ್ಕೆ ಕರೆದರೆ ಒಮ್ಮೆ ಮೂಲೆಯ ಕಡೆ ನೋಡಿ, ಆಮೇಲೆ ಹಿಂಜರಿಯುತ್ತ ತಾಟಿಗೆ ಕೈ ಹಾಕುತ್ತಿದ್ದಳು, ಅದೂ ಎಡಗೈ. ಬಲಗೈ ಅವಳ ಮಗ್ಗುಲಲ್ಲಿ ಬೇರೆಯವರದೆಂಬಂತೆ ಬಿದ್ದಿರುತ್ತಿತ್ತು. ಒಂದು ಮಧ್ಯಾಹ್ನ ಅವಳು ಮಣೆಯೊಂದನ್ನು ಎಡಗೈಯಿಂದ ಎಳೆದು ಜೋಳದ ಚೀಲದ ಹತ್ತಿರ ಇಡುತ್ತಿದ್ದುದನ್ನು ಕಂಡು ಜಯವ್ವ ಯಾರಿಗೆಂದು ಕೇಳಿದಳು.

“ಡಾಕ್ಟರ ಸಾಹೇಬ್ರಿಗೆ,” ಎಂದಳು ರೇಣುಕವ್ವ, ಇಷ್ಟೂ ತಿಳಿಯದೇ ಎನ್ನುವ ಹಾಗೆ. “ಅವತ್ತಿಂದ ನಿಂತಽ ಇದ್ದಾರ. ನೀ ಒಂದ ಮಾತು ಕುಂದ್ರಿ ಅನ್ನಲಿಲ್ಲ.”

ಜಯವ್ವ ಮೂಲೆಯನ್ನು ನೋಡಿದಳು. ಚೀಲ, ಗೋಡೆ, ಗೋಡೆಯ ಮೇಲೆ ಸುಣ್ಣದ ಗೆರೆ. ಅವಳು ಮಗಳ ಬಲಗೈ ಹಿಡಿದುಕೊಂಡಳು. ಅದು ನಿಜವಾಗಿಯೂ ಹೊಳೆಯಿಂದ ಈಗ ತೆಗೆದ ಕಲ್ಲಿನ ಹಾಗೆ ಇತ್ತು. ಮಣಿಕಟ್ಟಿನವರೆಗೆ ಬಿಸಿ, ಅಲ್ಲಿಂದ ಮುಂದೆ ತಣ್ಣಗೆ, ನಡುವೆ ಬಳೆ ತೊಡಿಸಿದಂತೆ ಗೆರೆ. ಉಗುರು ನೀಲಿಗಟ್ಟಿದ್ದವು. ಪಟ್ಟಿ ಬಿಚ್ಚಿದರೆ ಗಾಯ ಕೊಯ್ದ ಗಳಿಗೆಯಲ್ಲಿ ಹೇಗಿತ್ತೋ ಹಾಗೆಯೇ ಬಾಯಿ ತೆರೆದುಕೊಂಡಿತ್ತು. ಕೀವೂ ಇಲ್ಲ, ರಕ್ತವೂ ಇಲ್ಲ.

ಓಣಿಯ ಹಿರಿಯಳು ಉಚ್ಚಂಗೆವ್ವ ಬಂದು ನೋಡಿ, ಇದು ದವಾಖಾನೆಯ ಬಾಬತ್ತಲ್ಲ, ಗಾಳಿ ಸೋಂಕು ಎಂದಳು. ಉಪ್ಪು ಮೆಣಸಿನಕಾಯಿ ನಿವಾಳಿಸಿ ಕೆಂಡಕ್ಕೆ ಹಾಕಿ ಇಳಿ ತೆಗೆದರೆ ಬಿಟ್ಟು ಹೋಗುತ್ತದೆಂದಳು. ಜಯವ್ವನಿಗೆ ಬೇಡವೆನ್ನುವ ಧೈರ್ಯ ಇರಲಿಲ್ಲ. ಕೆಂಡದ ಮೇಲೆ ಮೆಣಸಿನಕಾಯಿ ಬಿದ್ದ ಕೂಡಲೇ ಮನೆಯೆಲ್ಲ ಘಾಟಾಗಿ ಉಚ್ಚಂಗೆವ್ವ ಕೆಮ್ಮುತ್ತ ಹೊರಗೋಡಿದಳು; ತಾಜಬಿ ನೋಡಲು ಬಂದವಳು ಸೆರಗಿನಲ್ಲಿ ಮೂಗು ಮುಚ್ಚಿಕೊಂಡು ಬಾಗಿಲಿಗೆ ಒರಗಿದಳು; ಜಯವ್ವನ ಕಣ್ಣಿಂದ ನೀರು ಧಾರೆಯಾಗಿ ಇಳಿಯಿತು. ಆ ಹೊಗೆಯ ನಡುವೆ ರೇಣುಕವ್ವ, ಬರಿ ಮಾತಿಗೇ ಸೀನುತ್ತಿದ್ದ ಹುಡುಗಿ, ಒಣ ಕಣ್ಣಿಂದ ಅವರನ್ನೆಲ್ಲ ನೋಡುತ್ತ ಕೂತಿದ್ದಳು.

“ನಿನಗ ಏನೂ ಆಗವಲ್ದನ?” ಎಂದಳು ತಾಜಬಿ. ಅವಳ ದನಿಯಲ್ಲಿ ಎಂದಿನ ಕುಚೋದ್ಯ ಇರಲಿಲ್ಲ.

“ಇಲ್ಲಿ ಹೊಳಿ ಗಾಳಿ ಐತಲ್ಲ,” ಎಂದಳು ರೇಣುಕವ್ವ.

ಅಂದಿನಿಂದ ತಾಜಬಿ ಆ ಮನೆಯ ಒಳಗೆ ಬರಲಿಲ್ಲ. ಹೊಸ್ತಿಲ ಹೊರಗೆ ನಿಂತೇ ರೊಟ್ಟಿ ಕೊಟ್ಟು ಹೋಗುತ್ತಿದ್ದಳು.

ವಾರದ ಮೇಲೆ ಪಟ್ಟಿ ಬದಲಿಸಲೆಂದು ಸರಸ್ವತೀಬಾಯಿ ಬಂದರು. ಕೈ ಕಂಡು ಅವರ ಮುಖದ ಬಣ್ಣ ಇಳಿಯಿತು. ಮರುದಿನವೇ ಅವರು ತಾಯಿ ಮಗಳಿಬ್ಬರನ್ನೂ ಕರೆದುಕೊಂಡು ದೊಡ್ಡ ದವಾಖಾನೆಯೊಂದಕ್ಕೆ ಹೋದರು. ಅಲ್ಲಿಯ ಸರ್ಜನ್ನರು ಸೂಜಿ ಚುಚ್ಚಿ ನೋಡಿದರು, ಬಿಸಿ ನೀರಿನ ಚೀಲ ಕಟ್ಟಿಸಿ ನೋಡಿದರು. ಮಣಿಕಟ್ಟಿನ ಕೆಳಗೆ ರಕ್ತ ಹರಿಯುತ್ತಿಲ್ಲ, ಕೊಯ್ಯುವಾಗ ಯಾವುದೋ ಧಮನಿ ಕಡಿದಿರಬೇಕು, ಬೆರಳ ತುದಿ ಕಪ್ಪಾಗುತ್ತಿವೆ, ಸೋಮವಾರ ಕೈ ತೆಗೆದುಬಿಡುವುದು, ಇಲ್ಲದಿದ್ದರೆ ನಂಜು ಮೇಲೇರುತ್ತದೆ ಎಂದರು. ಯಾವ ಧಮನಿಯೂ ಕಡಿದಿಲ್ಲ, ನಾನೇ ನಿಂತು ನೋಡಿದ್ದೇನೆ ಎಂದು ಸರಸ್ವತೀಬಾಯಿ ಹೇಳಿದರು. ಯುದ್ಧಕ್ಕೆಂದು ಹಡಗು ಹತ್ತಿದ್ದ ಡಾಕ್ಟರ್ ಚಳಗೇರಿಯವರಿಗೆ ತಾರು ಮುಟ್ಟುವಂತಿರಲಿಲ್ಲ.

ಬ್ಯಾಡಗಿಗೆ ಮರಳಿದಾಗ ಮಧ್ಯಾಹ್ನದ ಬಿಸಿಲು ಪಡಸಾಲೆಯ ಅರ್ಧದವರೆಗೆ ಬಂದಿತ್ತು. ರೇಣುಕವ್ವ ಒಳಗೆ ಬಂದವಳೇ ಸೆರಗು ಸರಿಮಾಡಿಕೊಂಡು, ಜೋಳದ ಚೀಲದ ಕಡೆ ತಲೆಬಾಗಿಸಿ, ಗೋಡೆಗೆ ಒತ್ತಿ ಕೂತಳು. ಸರಸ್ವತೀಬಾಯಿ ಅದನ್ನು ಮೊದಲ ಸಲ ಕಂಡದ್ದು ಆಗ. ಅವರು ಜಯವ್ವನನ್ನು ಹಿತ್ತಲಿಗೆ ಕರೆದೊಯ್ದು ಎಲ್ಲ ಕೇಳಿ ತಿಳಿದುಕೊಂಡರು. ಡಾಕ್ಟರು ಹುಡುಗಿಯ ಕಿವಿಯಲ್ಲಿ ಏನು ಹೇಳಿದ್ದರೆಂದು ಅವರಿಗೆ ನೆನಪಿತ್ತು, ಜಯವ್ವನಿಗೂ ಹೇಳಿದರು: ನಾ ಇಲ್ಲಿ ಇರೂತನಕ, ನಾ ಹೋದ ಮ್ಯಾಲೆ. ಹೊರಡುವಾಗ ಏನೆಂದರು ಎಂಬುದು ಮಾತ್ರ ಗೊತ್ತಿರಲಿಲ್ಲ, ಅವರು ಆಗ ಹಿತ್ತಲಲ್ಲಿ ಚಾಕು ತೊಳೆಯುತ್ತಿದ್ದರು. ಜಯವ್ವನಿಗೆ ಅದನ್ನು ನೆನಪು ಮಾಡಿಕೊಳ್ಳುವುದೇ ವಿಚಿತ್ರವೆನಿಸಿತು. ಎಲ್ಲರೂ ಅನ್ನುವುದನ್ನೇ ಅಂದರು, ಮತ್ತೇನು ಅಂದಾರು ಎಂದಳು. ಇಬ್ಬರೂ ಒಳಗೆ ಬಂದರು.

ಸರಸ್ವತೀಬಾಯಿ ರೇಣುಕವ್ವನ ಎದುರು ಕೂತು, ಡಾಕ್ಟರ ಸಾಹೇಬರು ಅವತ್ತೇ ಹೋದರು, ಪುಣೆಗೆ ಹೋಗಿ ಮುಂದೆ ಬಂದರಿನಲ್ಲಿ ಹಡಗು ಹತ್ತಿದರು, ಈ ಮನೆಯಲ್ಲಿ ಅವರಿಲ್ಲ ಎಂದು ಬಿಡಿಸಿ ಬಿಡಿಸಿ ಹೇಳಿದರು. ಡಾಕ್ಟರು ಮಾತಾಡಿದ ಹಾಗೆ ಮೆಲುದನಿಯಲ್ಲೂ ಹೇಳಿ ನೋಡಿದರು. ಹುಡುಗಿ ವಿನಯದಿಂದ ಕೇಳಿಸಿಕೊಂಡಳು.

“ನಿಮ್ಮ ಮಾತು ನನಗ ಕೇಳಸ್ತೈತ್ರಿ, ಬಾಯಾರ,” ಎಂದಳು. “ಕೈಗೆ ಕೇಳಸವಲ್ದು.”

“ಯಾಕ ಕೇಳಸವಲ್ದು?”

“ಅವರು ಹೋಗ್ತೇನಿ ಅಂದಽ ಇಲ್ಲಲ್ರಿ. ಬರ್ತೇನಿ ಅಂದ್ರು. ಅವ್ವ ಬರ್ರಿ ಅಂದ್ಲು. ಹೊಸ್ತಲಾ ದಾಟಿದವರು ತಿರುಗಿ ಒಳಗ ಬಂದ್ರು.”

“ಎಲ್ಲಾರೂ ಹಂಗ ಅಂತಾರಲ್ಲವ್ವ, ತಾಯಿ,” ಎಂದಳು ಜಯವ್ವ.

“ಎಲ್ಲಾರೂ ಅಂತಾರ. ಇವರು ಬಂದ್ರು.” ರೇಣುಕವ್ವ ದನಿ ಇನ್ನೂ ತಗ್ಗಿಸಿದಳು. “ಅವರಿಗೂ ಹೋಗಬೇಕಂತ ಐತಿ, ಯವ್ವಾ. ನೀನಽ ಕರದಿ. ನೀ ಹೋಗ್ರಿ ಅನ್ನೂದನ್ನ ಕಾಯಾಕತ್ತಾರ.”

ಜಯವ್ವನಿಗೆ ಮಗಳು ಕೇಳುತ್ತಿರುವುದು ಏನೆಂದು ತಿಳಿಯಿತು. ‘ಹೋಗ್ರಿ’ ಎಂಬ ಆ ಮಾತನ್ನು, ಕೊನೆಗೆ ‘ಬರ್ರಿ’ ಇಲ್ಲದೆ, ಅವಳು ತನ್ನ ಆಯುಷ್ಯದಲ್ಲಿ ಒಂದೇ ಸಲ ಆಡಿದ್ದಳು. ಅಜ್ಜಪ್ಪನನ್ನು ಎತ್ತಿಕೊಂಡು ಹೋದ ದಿನ. ಸರಸ್ವತೀಬಾಯಿಗೂ ತಿಳಿಯಿತು. ಅವರು ಎದ್ದು ನಿಂತು, ತಮ್ಮ ಚೀಲ ಕೈಗೆತ್ತಿಕೊಂಡು, ಮತ್ತೆ ಕೆಳಗಿಟ್ಟರು. ಡಾಕ್ಟರಿಗೆ ಮದುವೆಯಾಗಿ ವರ್ಷ ತುಂಬಿರಲಿಲ್ಲ.

“ಇಂದಿರಾಬಾಯಾರು ದಿನಾ ಬಾಗಿಲಾಗ ಕೂತು ದಾರಿ ನೋಡ್ತಾರ, ಜಯವ್ವ,” ಎಂದರು ಅವರು ಮೆಲ್ಲಗೆ. “ಗಂಡ ಸಮುದ್ರದ ನೀರಿನ ಮ್ಯಾಲ ಇದ್ದಾರ. ಇಂಥಾ ಹೊತ್ತಿನಾಗ ಈ ಮಾತು ಆಡಬ್ಯಾಡ.”

“ನನ್ನ ಮಗಳ ಕೈನೂ ನೀರಾಗ ಐತ್ರಿ,” ಎಂದಳು ಜಯವ್ವ.

ಆ ಮೇಲೆ ಸರಸ್ವತೀಬಾಯಿ ತಡೆಯಲಿಲ್ಲ. ಗೋಡೆಗೆ ಒರಗಿ ಕೂತರು.

ಜಯವ್ವ ತಂಬಿಗೆಯಲ್ಲಿ ನೀರು ತಂದು ಮೂಲೆಯ ಮಣೆಯ ಮುಂದೆ ಇಟ್ಟಳು. ಮನೆಗೆ ಬಂದ ದೊಡ್ಡವರನ್ನು ಬರಿಬಾಯಲ್ಲಿ ಕಳಿಸಬಾರದೆಂದು ಎಲೆ ಅಡಿಕೆಯನ್ನೂ ಇಟ್ಟಳು. ಯಾರೂ ಇಲ್ಲದ ಕಡೆ ಮುಖ ಮಾಡಿ ಮಾತಾಡಬೇಕು ಎಂದು ಮೊದಲು ನಾಚಿಕೆಯಾಯಿತು. ಮಾತು ಶುರುವಾದ ಮೇಲೆ ನಾಚಿಕೆ ಹೋಯಿತು. ಹೋದದ್ದೇ ಹೆದರಿಕೆ ಹುಟ್ಟಿಸಿತು. ಅವಳು ಹಿಂದೆ ಸರಿದು ಬಾಗಿಲಲ್ಲಿ ನಿಂತು ಕೈ ಮುಗಿದಳು.

“ಸಾಹೇಬ್ರ, ನನ್ನ ಮಗಳ ಜೀವಾ ಉಳಿಸಿದ್ರಿ. ನಿಮ್ಮ ಕೆಲಸ ಮುಗೀತು. ಹೋಗ್ರಿ.”

ಹೊರಗೆ ಯಾರದೋ ಕತ್ತೆ ಹಾದು ಹೋಯಿತು. ಪಡಸಾಲೆಯಲ್ಲಿ ಬಿಸಿಲಿನ ಧೂಳು ನಿಂತಲ್ಲೇ ನಿಂತಿತ್ತು. ‘ಬರ್ರಿ’ ಎಂಬುದು ಹೊರಬೀಳದಂತೆ ಜಯವ್ವ ಹಲ್ಲು ಕಚ್ಚಿ ಹಿಡಿದಿದ್ದಳು.

ರೇಣುಕವ್ವ ತಲೆ ಎತ್ತಿದಳು. ಅವಳ ಕಣ್ಣು ಜೋಳದ ಚೀಲದಿಂದ ಕದಲಿ, ಒಬ್ಬರು ಎದ್ದು ನಡೆಯುವಷ್ಟೇ ಸಾವಕಾಶವಾಗಿ, ಪಡಸಾಲೆಯ ನಡುವೆ ಹಾದು, ಬಾಗಿಲ ಕಡೆ ಬಂದವು. ಅದೇ ಹೊತ್ತಿಗೆ ಬಾಗಿಲಲ್ಲಿ ನಿಂತಿದ್ದ ಜಯವ್ವ ಸೆರಗು ಎಳೆದುಕೊಂಡು, ಮಗ್ಗುಲಾಗಿ, ದಾರಿ ಬಿಟ್ಟಳು. ಬಿಡಬೇಕೆಂದು ಬಿಟ್ಟದ್ದಲ್ಲ. ಅವಳು ಹಾಗೆ ಸರಿದದ್ದನ್ನು ಕಂಡವರು ಸರಸ್ವತೀಬಾಯಿ ಒಬ್ಬರೇ.

ಹುಡುಗಿಯ ಕಣ್ಣು ಹೊಸ್ತಿಲು ದಾಟಿ ಬೀದಿಯವರೆಗೆ ಹೋಗಿ ಅಲ್ಲಿ ನಿಂತವು. ಆಮೇಲೆ ಅವಳು ಬಲಗೈಯನ್ನು ಮಗ್ಗುಲಿನಿಂದ ಎತ್ತಿದಳು. ಭಾರವಾದದ್ದನ್ನು ನೀರಿನಿಂದ ಎತ್ತುವ ಹಾಗೆ ಎತ್ತಿ, ಬೆರಳು ಬಿಡಿಸಿ, ಒಮ್ಮೆ ಝಾಡಿಸಿದಳು. ಸರಸ್ವತೀಬಾಯಿ ಮುಖಕ್ಕೆ ನೀರು ಸಿಡಿದವರಂತೆ ಕಣ್ಣು ಮುಚ್ಚಿಕೊಂಡು ಕೆನ್ನೆ ಒರೆಸಿಕೊಂಡರು. ಒರೆಸಿಕೊಂಡ ಕೈಯನ್ನು ನೋಡಿದರು, ಒಣಗಿತ್ತು.

ಮಣಿಕಟ್ಟಿನ ಗೆರೆ ದಾಟಿ ಕೆಂಪು ಇಳಿಯತೊಡಗಿತು. ಮೊದಲು ಅಂಗೈ, ಆಮೇಲೆ ಒಂದೊಂದಾಗಿ ಬೆರಳು. ತೆರೆದ ಗಾಯದ ತುಟಿಯಲ್ಲಿ ರಕ್ತದ ಹನಿ ಮೂಡಿತು. ರೇಣುಕವ್ವನ ಮುಖ ಕಿವುಚಿಕೊಂಡಿತು. ಇಷ್ಟು ದಿನ ಆಗದ ನೋವೆಲ್ಲ ಒಟ್ಟಿಗೆ ಬಂದಂತೆ ಅವಳು ಕೈಯನ್ನು ಎದೆಗೊತ್ತಿಕೊಂಡು ಬಾಗಿದಳು.

“ಉರೀತೈತಿ, ಯವ್ವಾ. ಭಾಳ ಉರೀತೈತಿ.”

ಜಯವ್ವ ಓಡಿ ಹೋಗಿ ಅವಳನ್ನು ಅಪ್ಪಿಕೊಂಡಳು. ಮಗಳು ಅಳುತ್ತಿದ್ದಷ್ಟೂ ಅವಳಿಗೆ ಎದೆ ಹಗುರವಾಗುತ್ತಿತ್ತು. ಸರಸ್ವತೀಬಾಯಿ ನಾಡಿ ಹಿಡಿದು ಕೂತರು. ಸೊರಗಿದ ಆ ಎದೆ ನೋವನ್ನು ತಡೆದುಕೊಂಡಿತು. ಸಂಜೆಯ ಹೊತ್ತಿಗೆ ಪಟ್ಟಿ ನೆನೆಯುವಷ್ಟು ರಕ್ತ ಬಂದಿತ್ತು, ಉಗುರಿನ ನೀಲಿ ಬಿಟ್ಟಿತ್ತು. ಸೋಮವಾರ ಅವರು ದೊಡ್ಡ ದವಾಖಾನೆಗೆ ಹೋಗಲಿಲ್ಲ.

ಗಾಯ ಮಾಯಿತು. ಹೋಳಿ ಹುಣ್ಣಿಮೆಯ ಹೊತ್ತಿಗೆ ರೇಣುಕವ್ವ ಅಂಗಳಕ್ಕೆ ಮರಳಿದಳು. ಮೊದಲ ದಿನವೇ ಸೀನಿದಳು. ಹೆಂಗಸರೆಲ್ಲ ಕೈಕೆಲಸ ಬಿಟ್ಟು ನಕ್ಕರು. ತಾಜಬಿ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಇನ್ನುಮೇಲೆ ಇವಳ ಮುಂದೆ ಇರುವೆ ಗಿರುವೆ ಅಂದವರ ಬಾಯಿಗೆ ಮೆಣಸಿನಕಾಯಿ ತುರುಕುತ್ತೇನೆ ಎಂದು ಎಲ್ಲರಿಗೂ ತಾಕೀತು ಮಾಡಿದಳು. ಡಾಕ್ಟರ ಮಾತು ಬಂದರೆ ರೇಣುಕವ್ವ, ಪಾಪ ಎಂದು ಕಣ್ಣೊರೆಸಿಕೊಳ್ಳುತ್ತಿದ್ದಳು, ತೀರಿಹೋದವರ ಮಾತಿಗೆ ಒರೆಸಿಕೊಳ್ಳುವ ಹಾಗೆ. ಜಯವ್ವ ಅದನ್ನು ತಿದ್ದಲು ಹೋಗಲಿಲ್ಲ.

ತನ್ನ ಕೈಯ ವಿಷಯ ಜಯವ್ವನಿಗೆ ಗೊತ್ತಾದದ್ದು ‘ಹೋಗ್ರಿ’ ಎಂದ ದಿನದ ಸಂಜೆಯೇ. ಒಲೆಯಿಂದ ಗಡಿಗೆ ಇಳಿಸುವಾಗ ಅರಿವೆ ಹಿಡಿಯಲು ಮರೆತಿದ್ದಳು. ಕೆಳಗೆ ಇಟ್ಟಮೇಲೆ ಬಲ ಅಂಗೈ ನೋಡಿಕೊಂಡಳು; ಚರ್ಮ ಕೆಂಪಾಗಬೇಕಿತ್ತು, ಆಗಿರಲಿಲ್ಲ. ಎಡಗೈಯಿಂದ ಮುಟ್ಟಿಕೊಂಡಳು. ಮಣಿಕಟ್ಟಿನವರೆಗೆ ಬಿಸಿ, ಅಲ್ಲಿಂದ ಮುಂದೆ ಹೊಳೆಯ ನೀರಿನ ಹಾಗೆ ತಣ್ಣಗೆ.

ಆಗ ಅವಳಿಗೆ ತಿಳಿಯಿತು. ಹಲ್ಲು ಕಚ್ಚಿ ಹಿಡಿದಿದ್ದಳು ನಿಜ. ತುಟಿ ಅಲುಗಿರಲಿಲ್ಲ. ಆದರೆ ಹಲ್ಲಿನ ಹಿಂದೆ ನಾಲಿಗೆ ಇತ್ತು. ಹುಟ್ಟಿದಾಗಿನಿಂದ ‘ಹೋಗಿ’ ಎಂದ ಮೇಲೆ ‘ಬರ್ರಿ’ ಎಂದೇ ರೂಢಿಯಾದ ನಾಲಿಗೆ. ಅದು ಬಾಯಿಯ ಕತ್ತಲಲ್ಲಿ ತನ್ನಷ್ಟಕ್ಕೆ ಮಾತು ಪೂರಾ ಮಾಡಿತ್ತು. ಮಗಳಿಗೆ ಕೇಳಿಸಿರಲಿಲ್ಲ. ಜಯವ್ವನ ಮೈಗೆ ಕೇಳಿಸಿತ್ತು. ಹೊರಟವರು ಈ ಸಲ ಅವಳ ಹಿಂದೆ ಮರಳಿ ಬಂದಿದ್ದರು.

ಅವಳ ಕಣ್ಣಿಗೆ ಯಾರೂ ಕಾಣುವುದಿಲ್ಲ. ಕತ್ತಲೆಯ ಕೋಣೆಯಲ್ಲಿ ಮತ್ತೊಬ್ಬರಿದ್ದಾರೆ ಎಂದು ತಿಳಿಯುವುದಿಲ್ಲವೇ, ಅಷ್ಟೇ. ಬಲಗಡೆ, ಒಂದು ಹೆಜ್ಜೆ ಹಿಂದೆ. ನಡೆದರೆ ನಡೆಯುತ್ತದೆ. ಬಾಗಿಲು ಮುಚ್ಚುವಾಗ ಅವಳು ಒಂದು ಕ್ಷಣ ತಡೆದು ಮುಚ್ಚುತ್ತಾಳೆ.

ಯುಗಾದಿ ಕಳೆದಮೇಲೆ ಸರಸ್ವತೀಬಾಯಿ ಒಂದು ಸಲ ಬಂದು, ಡಾಕ್ಟರಿಂದ ಇಂದಿರಾಬಾಯಿಗೆ ಸುದ್ದಿ ಬಂದಿದೆ, ಸಂಗಡದ ಹಡಗು ಮುಳುಗಿತಂತೆ, ಅವರದು ದಡ ಸೇರಿತಂತೆ, ಆರಾಮ ಇದ್ದಾರಂತೆ ಎಂದು ಹೇಳಿದರು. ಹೇಳುತ್ತ ಜಯವ್ವನ ಮುಖ ನೋಡಿದರು. ಅಂದು ಆಡಿದ ಮಾತಿಗೆ ಏನೂ ಆಗಲಿಲ್ಲ ನೋಡು ಎಂಬ ಸಮಾಧಾನ ಅವರಿಗಿತ್ತು. ಜಯವ್ವ ಬಲಗೈಯನ್ನು ಸೆರಗಿನೊಳಗೆ ಸೇರಿಸಿಕೊಂಡು, ಒಳ್ಳೆಯದಾಯಿತು ಎಂದಳು. ಇವರಿಗೆ ಕೈ ತೋರಿಸಿದರೆ, ಹಾಗಾದರೆ ಇನ್ನೊಮ್ಮೆ ಸರಿಯಾಗಿ ಕಳಿಸಿಬಿಡು ಅಂದಾರು. ಕಳಿಸಬಹುದು. ಒಂದೇ ಉಸಿರಿನ ಕೆಲಸ. ಆದರೆ ಆ ಹಡಗು ದಡ ಸೇರಿದ್ದು ನಾಲಿಗೆಯ ಮೇಲೆ ಉಳಿದ ಆ ‘ಬರ್ರಿ’ಯಿಂದಲೋ ಮತ್ತೆ ಯಾವುದರಿಂದಲೋ ಯಾರಿಗೆ ಗೊತ್ತು. ಇಂದಿರಾಬಾಯಿ ಹಾವೇರಿಯಲ್ಲಿ ಬಾಗಿಲಲ್ಲಿ ಕೂತಿದ್ದಾರೆ. ಯುದ್ಧ ಇನ್ನೂ ಮುಗಿದಿಲ್ಲ. ಮನುಷ್ಯ ತಾನಾಗಿ ಮನೆಗೆ ಬರುವವರೆಗೆ ಇರಲಿ, ನನ್ನ ಕೈಗೇನು ಮದುವೆಯಾಗಬೇಕಿದೆಯೇ ಎಂದುಕೊಂಡಳು.

ಕೆಲಸಕ್ಕೆ ತೊಂದರೆಯಿರಲಿಲ್ಲ. ಬೆರಳು ಆಡುತ್ತಿದ್ದವು, ಸ್ವಲ್ಪ ನಿಧಾನ. ಉಗುರಿನ ಮೇಲೆ ಮೆಣಸಿನಕಾಯಿಯ ಕೆಂಪು ಕೂತಿರುವುದರಿಂದ ಕೆಳಗಿನ ನೀಲಿ ಯಾರಿಗೂ ಕಾಣುತ್ತಿರಲಿಲ್ಲ. ಸಂಜೆ ಕೆಲಸ ಬಿಟ್ಟಮೇಲೆ ಹೆಂಗಸರು ನೀರಿನ ಬಾನಿಯ ಸುತ್ತ ಕೂತು ಕೈ ತೊಳೆದು, ಕೊಬ್ಬರಿ ಎಣ್ಣೆ ಸವರಿಕೊಂಡು, ಉರಿಗೆ ಅಂಗೈ ಮೇಲೆ ಗಾಳಿ ಊದಿಕೊಳ್ಳುವುದು ವಾಡಿಕೆ. ಒಂದು ದಿನ ರೇಣುಕವ್ವ ಎರಡೂ ಕೈ ನೀರಲ್ಲಿ ಅದ್ದಿ, ಉರಿಗೆ ಹಲ್ಲು ಕಿರಿಯುತ್ತ, ತಾಯಿಯ ಕಡೆ ನೋಡಿದಳು. ಜಯವ್ವ ಸುಮ್ಮನೆ ಕೂತಿದ್ದಳು.

“ಯವ್ವಾ, ನಿನಗ ಉರಿಯೂದಿಲ್ಲನು?”

ಜಯವ್ವ ಬಗ್ಗಿ ಎರಡೂ ಕೈಗಳನ್ನು ಬಾನಿಗೆ ಹಾಕಿ ತೆಗೆದಳು.

“ಉರೀತೈತವ್ವ,” ಎಂದಳು. ಬಲಗೈಯನ್ನು ಬಾಯಿಯ ಹತ್ತಿರ ತಂದುಕೊಂಡು, ಮಗಳು ನೋಡುವಷ್ಟು ಹೊತ್ತೂ, ಉಫ್ ಉಫ್ ಎಂದು ಊದಿಕೊಂಡಳು.